ಜಲಕ್ರೀಡೆಯ ಹೊತ್ತು

ಬೇಸಗೆಯ ರಜದಲ್ಲಿ ಮಕ್ಕಳನ್ನು ಕರೆದುಕೊಂಡು ಪ್ರಯಾಣ ಹೊರಡುವ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ವ್ಯಾಜ್ಯವು ಹುಟ್ಟಿಕೊಂಡಿದೆ. ಜಲೋದ್ಯಾನಕ್ಕೆ, ಎಂದರೆ ಎಲ್ಲರೂ ವಾಟರ್ ಪಾರ್ಕ್ ಎಂದು ಕರೆಯುವ ಸ್ಥಳಕ್ಕೆ, ಹೋದ ಮೇಲೆ ಅಲ್ಲಿ ಎಷ್ಟು ಹೊತ್ತು ಇರತಕ್ಕದ್ದು ಎಂಬುದೇ ಆ ವ್ಯಾಜ್ಯ. ಕಳೆದ ಬೇಸಗೆಯಲ್ಲಿ ಜರಗನಹಳ್ಳಿಯ ನಮ್ಮ ಮನೆಯಲ್ಲಿಯೂ ಇದು ಎದ್ದಿತು. ಮೈಸೂರಿಗೆ ಹೋಗುವ ದಾರಿಯಲ್ಲಿ, ಬಿಡದಿಯ ಬಳಿಯ ವಂಡರ್‌ಲಾದಲ್ಲಿ ಇಳಿಯುವುದೆಂದು ಮೊದಲೇ ಗೊತ್ತಾಗಿತ್ತು. ನನ್ನ ಮಗನು ಒಂದು ಕಾಗದವನ್ನು ತೆಗೆದುಕೊಂಡು, ಬಾಗಿಲು ತೆರೆಯುವ ಹೊತ್ತಿನಿಂದ ಮುಚ್ಚುವ ಹೊತ್ತಿನವರೆಗೆ ಒಂದು ನಿಮಿಷವನ್ನೂ ಬಿಡದೆ ಅಲ್ಲಿಯೇ ಇರಬೇಕೆಂದು ಬರೆದನು. ಮೂರು ಘಂಟೆ ಸಾಕು, ಮಧ್ಯಾಹ್ನ ಹೊರಟರೆ ಚನ್ನಪಟ್ಟಣದಲ್ಲಿ ಬೊಂಬೆಗಳನ್ನು ಕೊಂಡು ಬೆಳಕಿರುವಾಗಲೇ ಮೈಸೂರನ್ನು ಸೇರಬಹುದೆಂದು ಸೊಸೆಯು ಹೇಳಿದಳು. ಮೊಮ್ಮಕ್ಕಳನ್ನು ಕೇಳಲಾಗಿ, ಹಿಂದಿರುಗುವ ಮಾತಾದರೂ ಏತಕ್ಕೆ ಎಂದು ಅವರು ನಮ್ಮನ್ನೇ ಕೇಳಿದರು. ಕಡೆಗೆ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠಶಾಲೆಯ ಘಂಟೆಯ ಅಧೀನದಲ್ಲಿ ಬದುಕಿದವನೆಂಬ ಕಾರಣದಿಂದ ತೀರ್ಪನ್ನು ನನ್ನ ಪಾಲಿಗೆ ಬಿಟ್ಟರು.

ಪ್ರಶ್ನೆಯು ಕ್ಷುಲ್ಲಕವೆಂದು ವಾಚಕ ಮಹಾಶಯರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಆ ರಾತ್ರಿ ಮಲಗಿದಲ್ಲಿ ಯೋಚಿಸುತ್ತ ಹೋದಂತೆ, ಒಂದು ಸುಖಕ್ಕೆ ಅಳತೆಯನ್ನು ಇಡುವವರು ಯಾರು, ಏತರಿಂದ ಅಳೆಯತಕ್ಕದ್ದು, ಒಬ್ಬನ ಸುಖದ ಹೊತ್ತು ಇನ್ನಾರ ಹೊತ್ತಿನಿಂದ ಸಂದಾಯವಾಗುತ್ತದೆ ಎಂಬ ಮಾತುಗಳೆಲ್ಲ ಅದರ ಒಳಗೇ ಮಡಿಚಿಕೊಂಡು ಕುಳಿತಿರುವುದು ಕಂಡುಬಂದಿತು.

ನಮ್ಮ ಹಳೆಯ ಕವಿಗಳಿಗೆ ಈ ತೊಡಕು ಇರಲಿಲ್ಲ. ಮಹಾಕಾವ್ಯದಲ್ಲಿ ಇರಬೇಕೆಂದು ದಂಡಿಯು ಎಣಿಸಿದ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಭಾರವಿಯು ಕಿರಾತಾರ್ಜುನೀಯದ ಎಂಟನೆಯ ಸರ್ಗದಲ್ಲಿ ಅಪ್ಸರೆಯರನ್ನು ನೀರಿಗೆ ಇಳಿಸಿದನು. ಮಾಘನು ಶಿಶುಪಾಲವಧದ ಎಂಟನೆಯ ಸರ್ಗದಲ್ಲಿಯೇ ಯಾದವರನ್ನು ಇಳಿಸಿದನು. (ಪಾಠಶಾಲೆಯಲ್ಲಿ ಇಂತಹ ಸರ್ಗಗಳನ್ನು ನಮ್ಮ ಗುರುಗಳು ಬಹು ಬೇಗ ದಾಟಿಸಿಬಿಡುತ್ತಿದ್ದರು, ಕಾರಣವನ್ನು ನಾವು ದೊಡ್ಡವರಾದ ಮೇಲೆ ತಿಳಿದೆವು.) ಇಬ್ಬರ ಕಾವ್ಯದಲ್ಲಿಯೂ ಒಂಬತ್ತನೆಯ ಸರ್ಗವು ತೊಡಗುವಾಗ ಸೂರ್ಯನು ಇಳಿಮೊಗವಾಗಿರುತ್ತಾನೆ. ಜಲಕ್ರೀಡೆಗೆ ಒಂದು ಸರ್ಗ, ಅದರ ಮೇಲೆ ಸಂಜೆ. ಹೊರಡೋಣವೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಆ ನಿಷ್ಠುರವನ್ನು ಸೂರ್ಯನು ಹೊತ್ತುಕೊಳ್ಳುತ್ತಿದ್ದನು. ಕಾಳಿದಾಸನು ಇನ್ನೊಂದು ವಿಷಯವನ್ನು ಕಂಡಿದ್ದನು. ರಘುವಂಶದ ಹದಿನಾರನೆಯ ಸರ್ಗದಲ್ಲಿ ಕುಶನು ಸರಯೂ ನದಿಯಲ್ಲಿ ಆಡುತ್ತಿರುವಾಗ ತಂದೆಯು ಕೊಟ್ಟಿದ್ದ ಆಭರಣವು ತೋಳಿನಿಂದ ಜಾರಿಹೋಗುತ್ತದೆ. ಆಡುತ್ತಿರುವಷ್ಟು ಹೊತ್ತು ಅವನಿಗೆ ಅದರ ಅರಿವಿಲ್ಲ. ದಡಕ್ಕೆ ಬಂದು ಡೇರೆಯನ್ನು ಸೇರಿದ ಮೇಲೆಯೇ ಬರಿಯ ತೋಳನ್ನು ಕಾಣುತ್ತಾನೆ. ನೀರಿನಲ್ಲಿರುವವನಿಗೆ ಲೆಕ್ಕವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನರಿಯೆ. ಲೆಕ್ಕವೆಲ್ಲ ದಡದವರದು.

ಕವಿಗಳ ಮಾತು ಹಾಗಿರಲಿ. ನಮ್ಮ ಮನೆಗೆ ಅನತಿದೂರದಲ್ಲಿಯೇ ಸಾರಕ್ಕಿಯ ಕೆರೆಯಿದೆ. ಹಿಂದೆ ಈ ಭಾಗದ ಹುಡುಗರು ಅದರಲ್ಲಿ ಈಜುತ್ತಿದ್ದರೆಂದು ಇಲ್ಲಿಯ ಹಳಬರು ಹೇಳುವುದುಂಟು. ಅದಕ್ಕೆ ಚೀಟಿಯೂ ಇರಲಿಲ್ಲ, ಮುಚ್ಚುವ ವೇಳೆಯೂ ಇರಲಿಲ್ಲ. ಹಸಿವೋ, ತಾಯಿಯ ಕೂಗೋ, ದನ ಹಿಂದಿರುಗುವ ಹೊತ್ತೋ ಹುಡುಗರನ್ನು ನೀರಿನಿಂದ ಎಬ್ಬಿಸುತ್ತಿದ್ದಿತು. ನನ್ನ ಬಾಲ್ಯದ ಊರಿನ ಕಲ್ಯಾಣಿಯಲ್ಲಿಯೂ ಇದೇ ಕ್ರಮ. ಪಾಠಶಾಲೆಯ ನಮಗೆ ಭಾನುವಾರದ ರಜವಿರಲಿಲ್ಲ. ಪ್ರತಿಪತ್ತು, ಅಷ್ಟಮಿ ಮೊದಲಾದ ಅನಧ್ಯಯನದ ತಿಥಿಗಳೇ ರಜ. ಚಂದ್ರನು ಕೊಟ್ಟ ರಜವನ್ನು ಸೂರ್ಯನು ಮುಗಿಸುತ್ತಿದ್ದನು. ಮಧ್ಯೆ ನಾವು ಗಡಿಯಾರವನ್ನು ಕಂಡವರಲ್ಲ.

ಆ ಸಾರಕ್ಕಿಯ ಕೆರೆಯು ಮುಂದೆ ಚರಂಡಿಯ ನೀರನ್ನು ಕುಡಿದು, ಅಂಚುಗಳಲ್ಲಿ ಒತ್ತುವರಿಯಾಗಿ, ೨೦೧೫ರ ಏಪ್ರಿಲ್ ತಿಂಗಳಿನಲ್ಲಿ ಸರ್ಕಾರದವರು ಕಟ್ಟಡಗಳನ್ನು ಕೆಡವಿಸಿ ನೆಲವನ್ನು ಬಿಡಿಸಿಕೊಳ್ಳಬೇಕಾಯಿತು. ಅದರ ವಿಸ್ತಾರವು ಸುಮಾರು ೮೨ ಎಕರೆ. ೨೦೦೫ರಲ್ಲಿ ತೆರೆದ ಬಿಡದಿಯ ಉದ್ಯಾನದ ವಿಸ್ತಾರವೂ ಹೆಚ್ಚು ಕಡಮೆ ೮೨ ಎಕರೆಯೇ. ಈ ಹೋಲಿಕೆಯು ಕೇವಲ ಆಕಸ್ಮಿಕ. ಆದರೂ ನನ್ನ ಮನಸ್ಸಿನಿಂದ ಅದು ಹೋಗಲೊಲ್ಲದು. ಒಂದು ಕೆರೆಯಷ್ಟು ನೆಲದಲ್ಲಿ ಮಕ್ಕಳು ನೀರಾಡುವುದಕ್ಕೆ ನಾವು ಈಗ ಒಂದು ಕೆರೆಯನ್ನು ದಾಟಿಕೊಂಡು ಹೋಗುತ್ತೇವೆ.

ಊರಿಗೆ ಕುಡಿಯುವ ನೀರಿಗೇ ತತ್ವಾರವಿರುವಾಗ ಜಲಕ್ರೀಡೆಯು ಉಚಿತವೇ ಎಂದು ಕೇಳುವವರೂ ಉಂಟು. ೨೦೨೪ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಲಿಯವರು ಕುಡಿಯುವ ನೀರನ್ನು ಈಜುಕೊಳಗಳಿಗೆ ತುಂಬಕೂಡದೆಂದೂ, ತಪ್ಪಿದವರಿಗೆ ೫೦೦೦ ರೂಪಾಯಿ ದಂಡವೆಂದೂ ವಿಧಿಸಿದ್ದನ್ನು ಎಲ್ಲರೂ ಬಲ್ಲರು. ಆಗ ನಮ್ಮ ಬೀದಿಯಲ್ಲಿ ಕೊಡಗಳ ಸಾಲಿದ್ದಿತು. ಅಂತಹ ತಿಂಗಳಿನಲ್ಲಿ ಹೋಗದಿರುವುದು ಸರಿ. ಉಳಿದ ಕಾಲದಲ್ಲಿ, ಇಂತಹ ಕೊಳಗಳ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ, ಮತ್ತೆ ಮತ್ತೆ ತಿರುಗಿಸುತ್ತಾರೆಂಬುದನ್ನು ನೆನೆದು, ಈ ಆಕ್ಷೇಪಣೆಯನ್ನು ನಾನು ಅಷ್ಟಾಗಿ ಬೆಳೆಸುವುದಿಲ್ಲ. ನನ್ನ ಪ್ರಶ್ನೆಯು ನೀರಿನದಲ್ಲ, ಹೊತ್ತಿನದು.

ಮೊದಲು ಮಗನ ಪಕ್ಷವನ್ನು ನೋಡೋಣ. ಅವನ ವಾದವು ಚೀಟಿಯ ಬೆಲೆಯಿಂದ ಹೊರಟಿದ್ದಿತು. ಒಂದು ದಿನಕ್ಕೆ ಇಷ್ಟು ರೂಪಾಯಿ. ಅರ್ಧ ದಿನವಿದ್ದರೆ ಅರ್ಧ ಹಣವು ನಷ್ಟ. ಇದು ಗಣಿತದಂತೆ ತೋರುತ್ತದೆ, ಆದರೆ ಗಣಿತವಲ್ಲ. ಬಾಗಿಲಿನಲ್ಲಿ ಕೊಟ್ಟ ಹಣವು ಅಲ್ಲಿಯೇ ಹೋಯಿತು. ಸಂಜೆಯವರೆಗೆ ನಿಂತರೂ ಅದು ಹಿಂದಿರುಗಿ ಬರುವುದಿಲ್ಲ. ಮದುವೆಯ ಮನೆಯಲ್ಲಿ ಉಡುಗೊರೆ ಕೊಟ್ಟೆನಲ್ಲಾ ಎಂದು ಹೊಟ್ಟೆ ಬಿರಿಯುವಂತೆ ಊಟಮಾಡಿ ಮರುದಿನ ವೈದ್ಯರಿಗೂ ಹಣವನ್ನು ತೆತ್ತವರೊಬ್ಬರನ್ನು ನಾನು ಬಲ್ಲೆ. ಅವರು ಉಪಾಧ್ಯಾಯರೇ ಆಗಿದ್ದರು. ಇದಕ್ಕಿಂತ ಸೋಜಿಗವಾದ ಇನ್ನೊಂದು ಏರ್ಪಾಡೂ ಈಗ ಬಂದಿದೆ. ಹೆಚ್ಚಿಗೆ ಹಣವನ್ನು ಕೊಟ್ಟವರಿಗೆ ‘ಫಾಸ್ಟ್ ಟ್ರ್ಯಾಕ್’ ಎಂಬ ಬೇರೆಯ ಸಾಲು. ಅವರು ಕಾಯದೆ ಮುಂದೆ ಹೋಗುತ್ತಾರೆ. ಹೊತ್ತನ್ನು ಕೊಂಡವರು ಇವರು. ಆ ಹೊತ್ತು ಎಲ್ಲಿಂದ ಬಂದಿತು? ಆಕಾಶದಿಂದ ಬರಲಿಲ್ಲ, ಪಕ್ಕದ ಸಾಲಿನಲ್ಲಿ ತಾಯಿಯ ಕೈಹಿಡಿದು ನಿಂತಿರುವ ಮಗುವಿನ ಹೊತ್ತಿನಿಂದ ಬಂದಿತು. ಮಾರಿದವರು ಒಬ್ಬರು, ಕೊಂಡವರು ಒಬ್ಬರು, ಕಳೆದುಕೊಂಡವರು ಮೂರನೆಯವರು. ನಮ್ಮ ಮನೆಯವರು ಆ ಚೀಟಿಯನ್ನು ಕೊಳ್ಳಲಿಲ್ಲ. ಅದು ಧರ್ಮಬುದ್ಧಿಯಿಂದಲೋ ಅದರ ಬೆಲೆಯನ್ನು ಕೇಳಿದ್ದರಿಂದಲೋ ಎಂಬುದನ್ನು ನಾನು ವಿಚಾರಿಸಲಿಲ್ಲ.

ಮಕ್ಕಳ ಪಕ್ಷವೇನೆಂದರೆ, ಸಾಕೆಂಬುದೇ ಇಲ್ಲ. ಇದನ್ನು ಹಟವೆಂದು ತಳ್ಳಿಹಾಕುವುದು ತಕ್ಕುದಲ್ಲ. ಮಗುವಿಗೆ ಸಾಕೆಂಬುದು ಮನಸ್ಸಿನಲ್ಲಿ ಇಲ್ಲದಿದ್ದರೂ ಮೈಯಲ್ಲಿ ಇದೆ. ನೀರು ಗಾಳಿಗಿಂತ ಸುಮಾರು ೨೫ ಪಾಲು ವೇಗವಾಗಿ ಮೈಯ ಬಿಸಿಯನ್ನು ಸೆಳೆಯುತ್ತದೆ. ಎಳೆಯ ಮೈಯಲ್ಲಿ ತೂಕಕ್ಕಿಂತ ಚರ್ಮದ ಪಾಲು ಹೆಚ್ಚಾದ್ದರಿಂದ ಮಕ್ಕಳು ದೊಡ್ಡವರಿಗಿಂತ ಬೇಗನೆ ತಣ್ಣಗಾಗುತ್ತಾರೆ. ತುಟಿ ನೀಲಿಗಟ್ಟುತ್ತದೆ, ಹಲ್ಲು ಕಟಕಟಿಸುತ್ತದೆ, ಬೆರಳ ತುದಿಗಳು ನೆನೆದ ಕಡಲೆಯಂತೆ ಸುಕ್ಕಾಗುತ್ತವೆ. ಈ ಸುಕ್ಕು ಚರ್ಮವು ನೀರನ್ನು ಕುಡಿದು ಉಬ್ಬಿದ್ದರಿಂದ ಬಂದದ್ದೆಂದು ನಾನು ಬಹಳ ಕಾಲ ಹುಡುಗರಿಗೆ ಪಾಠ ಹೇಳಿದ್ದೆನು. ಅದು ತಪ್ಪು. ನರಗಳು ಬೆರಳಿನ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ಹಾಗಾಗುತ್ತದೆಯೆಂದೂ, ಬೆರಳಿನ ನರವು ತುಂಡಾದವರಿಗೆ ಎಷ್ಟು ಹೊತ್ತು ನೀರಿನಲ್ಲಿದ್ದರೂ ಸುಕ್ಕು ಬೀಳುವುದಿಲ್ಲವೆಂದೂ ವೈದ್ಯರು ಕಂಡುಕೊಂಡಿದ್ದಾರೆ. ಎಂದರೆ ಮೈಯು ತಾನಾಗಿಯೇ ಹೊತ್ತನ್ನು ಗುರುತಿಸಿಕೊಳ್ಳುತ್ತಿರುತ್ತದೆ. ಮಗುವಿನ ಬೆರಳನ್ನು ನೋಡುವ ದೊಡ್ಡವರೊಬ್ಬರು ಬಳಿಯಲ್ಲಿದ್ದರೆ ಗಡಿಯಾರದ ಕೆಲಸವು ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟನ್ನು ಯೋಚಿಸಿ, ಸೊಸೆಯ ಮೂರು ಘಂಟೆಯೇ ಸರಿಯೆಂದು ತೀರ್ಪು ಹೇಳಲು ಸಿದ್ಧನಾದೆನು. ಬೆಳಿಗ್ಗೆ ಮಗನನ್ನು ಕರೆದು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಗಮದಲ್ಲಿಯೂ ನೀವು ಹೀಗೆಯೇ ಹೇಳಿದಿರಿ” ಎಂದನು.

ಅದು ೧೯೯೪ರ ಬೇಸಗೆಯ ಮಾತು. ಆಗ ಅವನಿಗೆ ಎಂಟು ವರ್ಷ. ನಮ್ಮ ಮನೆಯ ಮುಂದಿನ ಈ ಕನಕಪುರದ ರಸ್ತೆಯಲ್ಲಿಯೇ ಬಸ್ಸು ಹತ್ತಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋಗಿದ್ದೆವು. ಅಲ್ಲಿ ಬೇಸಗೆಯಲ್ಲಿ ನೀರು ಬಂಡೆಗಳ ನಡುವೆ ಮೊಳಕಾಲುದ್ದ ಹರಿಯುತ್ತದೆ. ಹುಡುಗನು ಅದರಲ್ಲಿ ಕುಳಿತು ಕಲ್ಲಿನಿಂದ ಒಂದು ಕಟ್ಟೆಯನ್ನು ಕಟ್ಟುತ್ತಿದ್ದನು. ಮೂರು ಘಂಟೆಗೆ ಬಸ್ಸೆಂದು ನಾನು ಯಾರಿಂದಲೋ ಕೇಳಿದ್ದೆನು; ಎರಡೂವರೆಗೆಲ್ಲ ಅವನ ತೋಳನ್ನು ಹಿಡಿದು ಎಬ್ಬಿಸಿದೆನು. ಇನ್ನೆರಡು ಕಲ್ಲು ಎಂದನು. ಬಿಡಲಿಲ್ಲ. ಒದ್ದೆಯ ಚಡ್ಡಿಯಲ್ಲಿಯೇ ಎಳೆದುಕೊಂಡು ಹೋಗಿ ನಿಲ್ಲಿಸಿದೆನು. ಬಸ್ಸು ಐದು ಘಂಟೆಗೆ ಇದ್ದಿತು. ವೇಳೆಯನ್ನು ಸರಿಯಾಗಿ ವಿಚಾರಿಸದಿದ್ದ ತಪ್ಪು ನನ್ನದೇ. ಎರಡೂವರೆ ಘಂಟೆ ನಾವು ಮೂವರೂ ಮರದ ಕೆಳಗೆ ಕುಳಿತಿದ್ದೆವು. ನದಿಯು ಅಲ್ಲಿಂದ ಕಾಣುತ್ತಿದ್ದಿತು. ಮತ್ತೆ ಹೋಗಿ ಆಡು ಎಂದು ಹೇಳಬಹುದಾಗಿತ್ತು. ತಂದೆಯಾದವನು ಒಮ್ಮೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಕೂಡದೆಂಬ ಭ್ರಮೆಯಿಂದ ಹೇಳಲಿಲ್ಲ. ನಾನು ಇದನ್ನು ಮರೆತೇಬಿಟ್ಟಿದ್ದೆನು. ಮೂವತ್ತು ವರ್ಷಗಳ ಮೇಲೆ ಅವನು ಆ ಎರಡು ಕಲ್ಲುಗಳನ್ನು ನೆನೆಯುತ್ತಿದ್ದನು. ಬಾಗಿಲು ಮುಚ್ಚುವವರೆಗೂ ಇರಬೇಕೆಂಬ ಅವನ ಹಟವು ಚೀಟಿಯ ಬೆಲೆಯಿಂದ ಹುಟ್ಟಿದ್ದಲ್ಲವೆಂದು ಆಗ ತಿಳಿಯಿತು.

ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಸಂಗಡಿಗರೂ ೧೯೯೩ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನರ ಕೈಯನ್ನು ೧೪ ಡಿಗ್ರಿಯ ತಣ್ಣೀರಿನಲ್ಲಿ ಒಮ್ಮೆ ೬೦ ಸೆಕೆಂಡು ಇರಿಸಿದರು. ಇನ್ನೊಮ್ಮೆ ಅಷ್ಟೇ ಹೊತ್ತು ಇರಿಸಿ, ಮೇಲೆ ೩೦ ಸೆಕೆಂಡು, ನೀರನ್ನು ಮೆಲ್ಲಗೆ ಒಂದು ಡಿಗ್ರಿಯಷ್ಟು ಬೆಚ್ಚಗೆ ಮಾಡುತ್ತ, ಮುಂದುವರಿಸಿದರು. ಮೂರನೆಯ ಸಲ ಯಾವುದು ಬೇಕೆಂದು ಕೇಳಿದಾಗ ಹೆಚ್ಚು ಮಂದಿ ಉದ್ದವಾದುದನ್ನೇ ಆರಿಸಿಕೊಂಡರು. ಒಟ್ಟಿನಲ್ಲಿ ನೋವು ಹೆಚ್ಚು, ಆದರೆ ಕೊನೆಯು ಹಿತ. ನೆನಪು ಘಂಟೆಗಳನ್ನು ಎಣಿಸುವುದಿಲ್ಲ, ಏರಿದ ತುದಿಯನ್ನೂ ಮುಗಿದ ಬಗೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಆತನ ಮತ. ನನ್ನ ಮಗನು ಅದಕ್ಕೆ ಸಾಕ್ಷಿ. ಆ ದಿನ ಅವನು ಎರಡು ಘಂಟೆಗೂ ಹೆಚ್ಚಾಗಿ ಆಡಿದ್ದನು. ಅದು ಅವನ ನೆನಪಿನಲ್ಲಿ ಇಲ್ಲ.

ಆದರೆ ಈ ಮತವನ್ನು ಪೂರ್ತಿಯಾಗಿ ಒಪ್ಪಲು ನನಗೆ ಮನಸ್ಸು ಬಾರದು. ನೆನಪಿನಲ್ಲಿ ಉಳಿಯದ ಎರಡು ಘಂಟೆಯು ಇಲ್ಲವೇ ಆಯಿತೆ? ಹಾಗಾದರೆ ನಿದ್ರೆಯ ಸುಖವೂ ಇಲ್ಲ, ತೊಟ್ಟಿಲಿನ ಸುಖವೂ ಇಲ್ಲ. ಕಲ್ಲನ್ನು ಜೋಡಿಸುತ್ತಿದ್ದ ಹುಡುಗನು ಮುಂದಿನ ನೆನಪಿಗಾಗಿ ಜೋಡಿಸುತ್ತಿರಲಿಲ್ಲ. ಈಗಿನ ಪ್ರವಾಸಗಳಲ್ಲಿ ಚಿತ್ರ ತೆಗೆಯುವುದಕ್ಕೆ ಮಕ್ಕಳನ್ನು ಆಟದಿಂದ ಎಬ್ಬಿಸುವುದನ್ನು ಕಂಡಾಗ, ನೆನಪಿಗೋಸ್ಕರ ನೆನೆಯತಕ್ಕದ್ದನ್ನೇ ಕೊಲ್ಲುತ್ತಿದ್ದೇವೆಂದು ಅನ್ನಿಸುತ್ತದೆ. ಆದುದರಿಂದ ಕೊನೆಯೊಂದನ್ನು ಹಿತವಾಗಿಸಿ ಉಳಿದುದನ್ನು ಹೇಗಾದರೂ ಕಳೆಯಬಹುದೆಂದು ನಾನು ಹೇಳಲಾರೆ. ಕೊನೆಯನ್ನು ಕೆಡಿಸುವ ಅಧಿಕಾರ ಮಾತ್ರ ಹಿರಿಯರಿಗೆ ಇಲ್ಲ. ಮುಗಿಸುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಘಂಟೆ ಹೊಡೆದ ಮೇಲೆಯೂ ಪಾಠ ಹೇಳುವ ಉಪಾಧ್ಯಾಯನನ್ನು ಹುಡುಗರು ಕ್ಷಮಿಸುವುದಿಲ್ಲ. ಘಂಟೆಗೆ ಮುಂಚೆ ಆಟದ ಬಯಲಿನಿಂದ ಕರೆದವನನ್ನಂತೂ ಕ್ಷಮಿಸುವುದೇ ಇಲ್ಲ.

ಹೀಗೆಂದು ಮಗನ ಪಕ್ಷಕ್ಕೆ ವಾಲುವಷ್ಟರಲ್ಲಿ ಯಯಾತಿಯು ನೆನಪಾದನು. ಶುಕ್ರನ ಶಾಪದಿಂದ ಮುದುಕನಾದ ಯಯಾತಿಯು ಮಗನಾದ ಪೂರುವಿನ ಯೌವನವನ್ನು ಪಡೆದು ಸಾವಿರ ವರ್ಷ ಸುಖಪಟ್ಟು, ತೃಪ್ತಿಯು ಭೋಗದಿಂದ ಬರುವುದಿಲ್ಲವೆಂದು ತಿಳಿದು ಅದನ್ನು ಹಿಂದಿರುಗಿಸಿದ ಕಥೆಯು ಎಲ್ಲರಿಗೂ ಗೊತ್ತು. ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಯಯಾತಿಯ ಮೇಲೆಯೇ ದೃಷ್ಟಿಯಿಟ್ಟು ಹೇಳಿದ್ದೇನೆ. ಅವನು ಸುಖಪಡುತ್ತಿದ್ದ ಆ ಸಾವಿರ ವರ್ಷ ಪೂರುವು ಏನು ಮಾಡುತ್ತಿದ್ದನು? ನಡುಗುವ ಕೈಯಿಂದ, ಮಸುಕಾದ ಕಣ್ಣಿನಿಂದ, ತನ್ನದಲ್ಲದ ಮುಪ್ಪನ್ನು ಹೊತ್ತು ಕಾಯುತ್ತಿದ್ದನು. ಯಯಾತಿಯ ಸಾವಿರ ವರ್ಷವೆಂದರೆ ಪೂರುವಿನ ಸಾವಿರ ವರ್ಷವೂ ಹೌದು.

ಈ ಕಥೆಯು ನನಗೆ ತಟ್ಟಿದುದು ಒಂದು ಕಾರಣದಿಂದ. ಹಿಂದಿನ ವರ್ಷವೂ ನಾವು ಇಂತಹದೊಂದು ಉದ್ಯಾನಕ್ಕೆ ಹೋಗಿದ್ದೆವು. ಬೆಂಚಿನ ಮೇಲೆ ಕುಳಿತು ಸುತ್ತಲೂ ನೋಡಿದೆನು. ಪ್ರತಿಯೊಂದು ಕುಟುಂಬದ ಚೀಲಗಳ ಪಕ್ಕದಲ್ಲಿಯೂ ಒಬ್ಬರು ಒಣಬಟ್ಟೆಯಲ್ಲಿ ಕುಳಿತಿದ್ದರು. ಬಹುಮಟ್ಟಿಗೆ ಅವರು ಹೆಂಗಸರು. ಮಡಿಲಲ್ಲಿ ಟವಲು, ಕಾಲ ಬಳಿಯಲ್ಲಿ ಇತರರ ಚಪ್ಪಲಿಗಳು, ಕೈಯಲ್ಲಿ ಯಾರದೋ ಕನ್ನಡಕ. ಅವರೂ ಅದೇ ಚೀಟಿಯನ್ನು ಕೊಂಡು ಬಂದವರೇ. ನಮ್ಮ ಬೆಂಚಿನಲ್ಲಿ ನನ್ನ ಜೊತೆಗೆ ಕುಳಿತಿದ್ದವಳು ಸೊಸೆ. ನಾನು ಮುದುಕ, ನೀರು ನನಗೆ ಆಗದು, ಅವಳಿಗೆ ಏನಾಗಿದ್ದಿತು? ಆ ದಿನ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವಳು ಎರಡು ಸಲ ಮಕ್ಕಳಿಗೆ ತಿಂಡಿ ಕೊಟ್ಟಳು, ಒಮ್ಮೆ ಕಳೆದುಹೋದ ಚಪ್ಪಲಿಯನ್ನು ಹುಡುಕಿದಳು, ಸಂಜೆ ಒದ್ದೆಬಟ್ಟೆಗಳನ್ನು ಹಿಂಡಿದಳು. ಪೂರುವಿಗಾದರೂ ಕಡೆಗೆ ರಾಜ್ಯವು ಬಂದಿತು.

ಎಷ್ಟು ಹೊತ್ತು ಎಂದು ನಾವು ಕೇಳುವಾಗ, ಆ ಹೊತ್ತು ಮನೆಮಂದಿಗೆಲ್ಲ ಒಂದೇ ಎಂದು ತಿಳಿದಿರುತ್ತೇವೆ. ಐದು ಜನರು ಆರು ಘಂಟೆ ಇದ್ದರೆ ಅದು ಮೂವತ್ತು ಘಂಟೆ. ಅದರಲ್ಲಿ ನೀರಿನ ಘಂಟೆಗಳೆಷ್ಟು, ಬೆಂಚಿನ ಘಂಟೆಗಳೆಷ್ಟು, ಯಾವುವು ಯಾರವು ಎಂದು ಬರೆದುಕೊಂಡು ನೋಡುವವರು ಯಾರು? ಮೂರು ಘಂಟೆ ಸಾಕೆಂದು ಸೊಸೆಯು ಹೇಳಿದ್ದು ಚನ್ನಪಟ್ಟಣದ ಬೊಂಬೆಗಳಿಗಾಗಿ ಅಲ್ಲವೆಂದು, ಒಬ್ಬ ಮಾಸ್ತರನಿಗೆ ತಿಳಿಯಬೇಕಾದುದಕ್ಕಿಂತ ಬಹಳ ತಡವಾಗಿ, ನನಗೆ ತಿಳಿಯಿತು. ಅವಳಿಗೆ ಬೇಡವಾಗಿದ್ದುದು ನೀರಲ್ಲ, ಬೆಂಚು.

ಆದುದರಿಂದ ನಾನು ಘಂಟೆಗಳನ್ನು ಹೇಳದೆ ಬೇರೆ ಬಗೆಯ ತೀರ್ಪನ್ನು ಹೇಳಿದೆನು. ಆ ಉದ್ಯಾನದಲ್ಲಿ ಅಲೆಯ ಕೊಳವೆಂಬುದೊಂದು ಇದೆ. ಯಂತ್ರವು ಸ್ವಲ್ಪ ಹೊತ್ತು ಅಲೆಗಳನ್ನು ಎಬ್ಬಿಸುತ್ತದೆ, ಆಮೇಲೆ ನಿಲ್ಲುತ್ತದೆ. ಮಧ್ಯಾಹ್ನದ ಊಟದ ಮೇಲೆ ಬರುವ ಅಲೆಯು ನಿಂತಾಗ ಮಕ್ಕಳು ತಾವಾಗಿಯೇ ಮೇಲಕ್ಕೆ ಬರತಕ್ಕದ್ದು. ಇದನ್ನು ಬೆಳಿಗ್ಗೆಯೇ ಅವರಿಗೆ ತಿಳಿಸಿಡತಕ್ಕದ್ದು. ತಿಳಿಸಿದ ಮೇಲೆ ಅದಕ್ಕೆ ಮುಂಚೆ ಯಾವ ಕಾರಣದಿಂದಲೂ ಕರೆಯಕೂಡದು, ಬೆರಳನ್ನೂ ತುಟಿಯನ್ನೂ ನೋಡಿದ ಹೊರತು. ಮಕ್ಕಳು ಮೇಲೆ ಬಂದ ಕೂಡಲೆ ಹೊರಡುವುದಿಲ್ಲ. ಆಗ ಸೊಸೆಯು ನೀರಿಗೆ ಇಳಿಯುವಳು, ಮಗನು ಚೀಲಗಳನ್ನು ಕಾಯುವನು. ಮುಚ್ಚುವ ಹೊತ್ತಿನವರೆಗೆ ಇರಬೇಕೆಂಬ ಅವನ ಮಾತೂ ಇದರಿಂದ ನಡೆಯುತ್ತದೆ. ಬೆಂಚಿನ ಮೇಲೆ ನಡೆಯುತ್ತದೆ, ಅಷ್ಟೆ. ಮಗನು ನಕ್ಕನು. ಸೊಸೆಯು ನನಗೆ ಈ ವಯಸ್ಸಿನಲ್ಲಿ ಏತಕ್ಕೆ ಎಂದಳು. ಅವಳ ವಯಸ್ಸು ಮೂವತ್ತೇಳು.

ಹಾಗೆಯೇ ನಡೆಯಿತು. ಪೂರ್ತಿಯಾಗಿ ಹಾಗೆಯೇ ಎಂದರೆ ಸುಳ್ಳಾಗುತ್ತದೆ. ಚಿಕ್ಕವನು ಅಲೆ ನಿಂತ ಮೇಲೆಯೂ ಹತ್ತು ನಿಮಿಷ ಬರಲಿಲ್ಲ, ಮತ್ತು ಮಗನು ನನ್ನ ಕಡೆಗೊಮ್ಮೆ ಅವನ ಕಡೆಗೊಮ್ಮೆ ನೋಡಿ ಕರೆಯದೆ ಸುಮ್ಮನಿದ್ದನು. ಕಡೆಗೆ ಇಬ್ಬರೂ ಬಂದು ಟವಲು ಸುತ್ತಿಕೊಂಡು ನಮ್ಮಿಬ್ಬರ ನಡುವೆ ಕುಳಿತರು. ಸೊಸೆಯು ಬಾಡಿಗೆಯ ಉಡುಪನ್ನು ತೊಟ್ಟು, ಯಾರೂ ನೋಡುತ್ತಿಲ್ಲವೆಂದು ನಿಶ್ಚಯಮಾಡಿಕೊಂಡು, ಮೆಟ್ಟಿಲುಗಳನ್ನು ಇಳಿದಳು. ಅರ್ಧ ಘಂಟೆಯಾಯಿತು, ಮುಕ್ಕಾಲು ಘಂಟೆಯಾಯಿತು. ಬಿಸಿಲು ಕೊಳದ ಆಚೆಯ ದಡಕ್ಕೆ ಸರಿಯಿತು. ಅಮ್ಮ ಇನ್ನೂ ಎಷ್ಟು ಹೊತ್ತು ಎಂದು ಚಿಕ್ಕವನು ಕೇಳಿದನು. ಮಗನು ಕೈಗಡಿಯಾರವನ್ನು ಬಿಚ್ಚಿ ಚೀಲದೊಳಕ್ಕೆ ಹಾಕಿ, ಚಪ್ಪಲಿಗಳನ್ನು ಜೋಡಿಸತೊಡಗಿದನು. ಆ ದಿನ ನಾವು ಚನ್ನಪಟ್ಟಣವನ್ನು ದಾಟಿದಾಗ ಬೊಂಬೆಯ ಅಂಗಡಿಗಳು ಮುಚ್ಚಿದ್ದವು.